ಸೇವಕಿಯರ ಮಾತೆ ಪಂಡಿತಾ ರಮಾಬಾಯಿ

ಬಿಜ್ಜರಗಿಯ ಸೀಮೆಗೆ ಬರಗಾಲವು ಹೊಸದಲ್ಲ. 1876ರಲ್ಲಿ ತಲೆದೋರಿದ ಘೋರಕ್ಷಾಮವು, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ವಿಜಯಪುರ ಪ್ರಾಂತವನ್ನು ಬಹಳವಾಗಿ ಪೀಡಿಸಿತು. ಬರದಲ್ಲಿ ಒಂದು ತುತ್ತು ಅನ್ನವಿಕ್ಕುವ ಪುಣ್ಯವಂತರು ದೊರೆತಾರು. ಮಳೆ ಬಂದ ತರುವಾಯ ಅನಾಥರಾದ ಹೆಣ್ಣುಮಕ್ಕಳ ಗತಿಯೇನೆಂದು ಚಿಂತಿಸುವವರು ವಿರಳ. ಹಾಗೆ ಚಿಂತಿಸಿ, ಅನಾಥೆಯನ್ನೇ ಅನಾಥರ ಸೇವಕಿಯನ್ನಾಗಿ ಮಾಡಿದ ಪಂಡಿತಾ ರಮಾಬಾಯಿಯವರ ಚರಿತ್ರೆಯು ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಮನನ ಮಾಡತಕ್ಕದ್ದಾಗಿದೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಕನ್ನಡ ನಾಡಿನ ಸಹ್ಯಾದ್ರಿಯಲ್ಲಿರುವ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿಗಳು ಹೆಂಗಸರಿಗೂ ಸಂಸ್ಕೃತವನ್ನು ಕಲಿಸಬೇಕೆಂದು ನಂಬಿ, ಲೋಕದ ನಿಂದೆಯನ್ನು ಲೆಕ್ಕಿಸದೆ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ವಿದ್ಯೆ ಹೇಳಿದರು. ಆ ತಾಯಿಯೇ ಮಗಳಿಗೆ ಗುರುವಾದಳು. ತೀರ್ಥಯಾತ್ರೆಯಲ್ಲಿ ಅಲೆಯುತ್ತಿದ್ದ ಈ ಕುಟುಂಬವು ಕ್ಷಾಮಕ್ಕೆ ತುತ್ತಾಗಿ, ತಾಯಿತಂದೆಗಳಿಬ್ಬರೂ ತೀರಿಹೋದರು. ಅಣ್ಣ ಶ್ರೀನಿವಾಸನೊಡನೆ ರಮಾಬಾಯಿಯವರು 1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ, ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು.

ಆದರೆ ಬಿರುದಿನಿಂದ ದುಃಖವು ದೂರವಾಗಲಿಲ್ಲ. ಅಣ್ಣನು 1880ರಲ್ಲಿ ಮೃತನಾದನು. ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿ ಎರಡು ವರುಷ ತುಂಬುವುದರೊಳಗಾಗಿ ವೈಧವ್ಯವು ಪ್ರಾಪ್ತವಾಯಿತು. ಶಿಶು ಮನೋರಮೆಯನ್ನು ಎತ್ತಿಕೊಂಡು 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರುಷ ಹಂಟರ್ ಆಯೋಗದ ಮುಂದೆ, ಈ ದೇಶದ ಸ್ತ್ರೀಯರಿಗೆ ತರಬೇತಿ ಹೊಂದಿದ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ನಿರ್ಭೀತಿಯಿಂದ ಸಾಕ್ಷ್ಯ ನುಡಿದರು.

1883ರಲ್ಲಿ ಇಂಗ್ಲೆಂಡಿಗೆ ತೆರಳಿ ದೀಕ್ಷಾಸ್ನಾನ ಹೊಂದಿದರು. ಅಮೇರಿಕೆಯಲ್ಲಿ ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಸಿಸಿ, ವಿಧವೆಯರ ದುಸ್ಥಿತಿಯನ್ನು ಕುರಿತು ಗ್ರಂಥ ಬರೆದು, ಸಹಾಯಕರನ್ನು ಸಂಪಾದಿಸಿದರು. 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರುಷ ಅದು ಪುಣೆಗೆ ಬಂದಿತು. ಅಲ್ಲಿ ವಿಧವೆಯು ಕರುಣೆಗೆ ಕೈಯೊಡ್ಡುವವಳಲ್ಲ, ನಾಳೆಯ ಉಪಾಧ್ಯಾಯಿನಿ. 1893ರಲ್ಲಿ ಮತಾಂತರದ ಶಂಕೆಯಿಂದ ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು, ಸಲಹೆಗಾರರೂ ಕೈಬಿಟ್ಟರು. ರಮಾಬಾಯಿಯವರು ಮಾತ್ರ ಕದಲಲಿಲ್ಲ. ಅದೇ ಸದನದಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯವರು ಧೋಂಡೋ ಕೇಶವ ಕರ್ವೆಯವರ ಕೈಹಿಡಿದು, 1896ರಲ್ಲಿ ಅವರು ಆರಂಭಿಸಿದ ವಿಧವಾಶ್ರಮಕ್ಕೆ ಬೆಂಬಲವಾಗಿ ನಿಂತರು. ಒಂದು ದೀಪದಿಂದ ಮತ್ತೊಂದು ದೀಪವು ಹೊತ್ತಿದ್ದು ಹೀಗೆ.

1896ರ ಕ್ಷಾಮವು ಮಧ್ಯಪ್ರಾಂತವನ್ನು ಸುಡುತ್ತಿರಲು, ತಮ್ಮ ಬಾಲ್ಯದ ಹಸಿವನ್ನು ಮರೆಯದ ಆ ತಾಯಿಯು ಸ್ವತಃ ಹೋಗಿ ನೂರಾರು ಹುಡುಗಿಯರನ್ನು ಪುಣೆಯ ಸಮೀಪದ ಕೇಡಗಾಂವಿಗೆ ಕರೆತಂದರು. ಶಾರದಾ ಸದನವು ಮೇಲ್ಜಾತಿಯ ವಿಧವೆಯರಿಗಾಗಿ ಹುಟ್ಟಿತ್ತು. ಈ ಮುಕ್ತಿ ಸದನದಲ್ಲಿಯೋ ಎಲ್ಲ ಜಾತಿಯ ಮಕ್ಕಳೂ ಕೂಡಿ ಬಾಳಿದರು. 1900ರ ಕ್ಷಾಮದ ತರುವಾಯ ಅವರ ಸಂಖ್ಯೆಯು ಸುಮಾರು 2000ಕ್ಕೆ ಏರಿತು. ಇಷ್ಟು ಮಂದಿಯನ್ನು ಒಬ್ಬಾಕೆಯು ಸಲಹುವುದೆಂತು? ಮೊದಲೇ ಓದಿದ ಶಾರದಾ ಸದನದ ಹುಡುಗಿಯರು ಹೊಸಬರಿಗೆ ಗುರುಗಳೂ ಪಾಲಕಿಯರೂ ಆದರು. ಓದುಬರಹದೊಡನೆ ನೇಯ್ಗೆ, ಅಚ್ಚಿನ ಕೆಲಸ, ಬೇಸಾಯ, ರೋಗಿಗಳ ಶುಶ್ರೂಷೆಗಳನ್ನು ಕಲಿಸಿದರು. ಕುರುಡರಿಗೂ ಬ್ರೈಲ್ ಲಿಪಿಯ ಪಾಠವಿದ್ದಿತು. 1912ರ ಸುಮಾರಿಗೆ, ನಿಜಾಮರ ಸೀಮೆಗೆ ಸೇರಿದ್ದ ನಮ್ಮ ನೆರೆಯ ಕಲಬುರ್ಗಿಯಲ್ಲಿಯೂ ಮನೋರಮಾಬಾಯಿಯವರ ನೆರವಿನಿಂದ ಒಂದು ಶಾಲೆಯನ್ನು ನೆಲೆಗೊಳಿಸಿದರು.

1919ರಲ್ಲಿ ಸರಕಾರವು ಕೈಸರ್-ಎ-ಹಿಂದ್ ಪದಕವಿತ್ತು ಅವರನ್ನು ಮನ್ನಿಸಿತು. 1921ರಲ್ಲಿ ಮಗಳು ಮನೋರಮೆ ಗತಿಸಿದಳು. ಆ ಶೋಕವನ್ನೂ ಹೊತ್ತು ಸತ್ಯವೇದದ ಮರಾಠೀ ಭಾಷಾಂತರವನ್ನು ಮುಗಿಸಿ, 1922ನೆಯ ಏಪ್ರಿಲ್ 5ರಂದು ರಮಾಬಾಯಿಯವರು ದೇವರ ವಿಶ್ರಾಂತಿಯನ್ನು ಸೇರಿದರು. 1989ರಲ್ಲಿ ಭಾರತ ಸರಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಪದಕವೂ ಅಂಚೆಚೀಟಿಯೂ ಗೌರವದ ಗುರುತುಗಳೇ ಅಹುದು. ಆದರೆ ಯಾರೂ ಬೇಡವೆಂದು ಬೀದಿಗೆ ಬಿಟ್ಟ ಹುಡುಗಿಯು ವಿದ್ಯೆ ಕಲಿತು, ಮತ್ತೊಂದು ಮಗುವಿನ ಬಾಯಲ್ಲಿ ಅಕ್ಕೋರೆನಿಸಿಕೊಂಡ ದಿನವೇ ರಮಾಬಾಯಿಯವರಿಗೆ ನಿಜವಾದ ಮನ್ನಣೆಯು ಸಂದಿತು. ನಮ್ಮ ಊರುಗಳಲ್ಲಿ ಅಂಗನವಾಡಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ಶಾಲೆಯಲ್ಲಿಯೂ ದುಡಿಯುವ ಹೆಣ್ಣುಮಕ್ಕಳು ಇದೇ ವಂಶದವರು. ತಾಯಿತಂದೆಗಳೇ, ಮಗಳನ್ನು ಇಂಥ ಸೇವೆಗೆ ಸಿದ್ಧಪಡಿಸಿರಿ. ಸೇವೆಗೈದು ದಣಿದು ಬಂದವಳನ್ನು ಮನೆಯಲ್ಲಿ ಮೊದಲು ಮನ್ನಿಸಿರಿ.