ತ್ಯಾಗವೀರ ಸಿರಸಂಗಿಯ ಶ್ರೀ ಲಿಂಗರಾಜರು



ಶ್ರೀಮಠದ ಈ ಮಹೋತ್ಸವದ ಸಂಪುಟದಲ್ಲಿ ಶಿವಶರಣರ ಹಾಗೂ ತಪೋನಿಧಿಗಳಾದ ಗುರುವರ್ಯರ ಚರಿತ್ರೆಗಳ ನಡುವೆ ಒಬ್ಬ ದೇಸಾಯರ ಚರಿತ್ರೆಗೆ ಎಡೆಯೆಲ್ಲಿಯದೆಂದು ಕೆಲವರು ಸಂಶಯಪಡಬಹುದು. ಶ್ರೀ ಲಿಂಗರಾಜರು ಕಾವಿಯನ್ನುಟ್ಟವರಲ್ಲ. ವಾಡೆಯಲ್ಲಿ ಬಾಳಿದವರು, ವತನದ ಲೆಕ್ಕಪತ್ರಗಳನ್ನು ನೋಡಿದವರು. ಆದರೆ ಪ್ರಸಾದನಿಲಯದಲ್ಲಿ ಉಂಡು ಓದಿ, ಪದವಿಯ ಪರೀಕ್ಷೆಯನ್ನು ದಾಟಿ, ಮುಂದಿನ ವ್ಯಾಸಂಗಕ್ಕೆ ದ್ರವ್ಯವನ್ನೆಲ್ಲಿಂದ ತರಲೆಂದು ಗದ್ದುಗೆಯ ಮುಂದೆ ಬಂದು ನಿಲ್ಲುವ ತರುಣರನ್ನು ವರುಷ ವರುಷವೂ ಕಾಣುತ್ತಿರುವ ನಮಗೆ, ಆ ಪ್ರಶ್ನೆಗೆ ತಮ್ಮ ಸರ್ವಸ್ವದಿಂದ ಉತ್ತರವಿತ್ತ ಮಹನೀಯರ ಸ್ಮರಣೆಯು ಗುರುಸ್ಮರಣೆಯ ಅಂಗವೇ ಆಗಿರುತ್ತದೆ.

ಲಿಂಗರಾಜರು 1861ನೆಯ ಇಸವಿಯ ಜನವರಿ 10ರಂದು ಶಿಗ್ಲಿ ಗ್ರಾಮದ ಮಡ್ಲಿ ಎಂಬ ಮನೆತನದಲ್ಲಿ ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ಸಿರಸಂಗಿಯ ದೇಸಗತಿಗೆ ಔರಸಪುತ್ರರಿಲ್ಲದುದರಿಂದ ಬಾಲಕ ರಾಮಪ್ಪನು ಅಲ್ಲಿಗೆ ದತ್ತಕನಾಗಿ ಹೋಗಿ ಲಿಂಗರಾಜನೆನಿಸಿದನು. ಸಿರಸಂಗಿಯೆಂಬುದು ಸವದತ್ತಿಯ ಸೀಮೆಯಲ್ಲಿ ಕಾಳಿಕಾದೇವಿಯ ಗುಡಿಯಿಂದ ಹೆಸರಾದ ಊರು. ಈ ದೇಸಗತಿಯ ಹೆಸರಿನೊಡನೆ ಕರಿಮಣ್ಣಿನ ನಾಡಾದ ನವಲಗುಂದದ ಹೆಸರೂ ಜೋಡಿಯಾಗಿ ನಡೆದುಬಂದಿರುವುದು. ಹೆತ್ತ ಮನೆಯನ್ನು ಬಿಟ್ಟು ಪರರ ಮನೆಯ ದೀಪವಾದ ಕೂಸು ಮುಂದೆ ತನ್ನ ಮನೆಯನ್ನೇ ಊರ ಮಕ್ಕಳಿಗೆಲ್ಲ ಬಿಟ್ಟುಕೊಟ್ಟುದನ್ನು ನೆನೆವಾಗ, ಈ ದತ್ತಕವಿಧಾನದಲ್ಲಿಯೇ ಶಿವಸಂಕಲ್ಪವಿದ್ದಿತೇನೋ ಎಂದು ನನಗೆ ತೋರುವುದುಂಟು.

ಅವರು ತಾರುಣ್ಯಕ್ಕೆ ಕಾಲಿಡುವ ಹೊತ್ತಿಗೆ 1876ರಿಂದ 1878ರ ವರೆಗಿನ ಘೋರ ಕ್ಷಾಮವು ಕರ್ನಾಟಕವನ್ನು ಮುರಿದುಹಾಕಿತು. ಒಕ್ಕಲಿಗನ ಕಣಜವು ಬರಿದಾದರೆ ಮೊದಲು ನಿಲ್ಲುವುದು ಮಗನ ಓದೇ. ಅಂದಿನ ವಿದ್ಯಾರ್ಥಿಯ ಕಷ್ಟವನ್ನು ಇಂದಿನವರು ಊಹಿಸುವುದೂ ದುಸ್ತರ. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಇಲಾಖೆಗೆ ಸೇರಿದ್ದುವು. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವೇ ಈ ಭಾಗಕ್ಕೆಲ್ಲ ಪರೀಕ್ಷಾಸ್ಥಾನ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದಕ್ಕೆ ಮುನ್ನ ಬಿ.ಎ. ಆಗಬೇಕೆಂಬುವನು ಪುಣೆಯ ಡೆಕ್ಕನ್ ಕಾಲೇಜು, ಫರ್ಗ್ಯುಸನ್ ಕಾಲೇಜು, ಇಲ್ಲವೆ ಮುಂಬಯಿಯ ಕಾಲೇಜುಗಳನ್ನು ಆಶ್ರಯಿಸಬೇಕಾಗಿದ್ದಿತು. ಅಲ್ಲಿ ಭಾಷೆ ಬೇರೆ, ಬಿಡಾರದ ಬಾಡಿಗೆ ಬೇರೆ, ಫೀ ಬೇರೆ. ಇಷ್ಟಲಿಂಗಪೂಜೆಗೆ ಒಂದು ಮೂಲೆ, ಆಚಾರಕ್ಕೆ ಒಪ್ಪುವ ಪ್ರಸಾದ, ಇವು ದೊರೆಯುವುದೂ ಪ್ರಯಾಸವೇ. ಯಾವ ವಿಷಯವನ್ನು ಓದಿದರೆ ಲೇಸು, ವಕೀಲಿಯೋ ವೈದ್ಯವೋ ಎಂದು ತಿಳಿಯಹೇಳುವ ಹಿರಿಯರು ಹಳ್ಳಿಯಲ್ಲಿ ಇರಲಿಲ್ಲ. ಹೀಗಾಗಿ ಹೊಲವನ್ನು ಒತ್ತೆಯಿಟ್ಟು ಹೊರಟವನು ನಡುವೆಯೇ ಮರಳುವುದು ಅಚ್ಚರಿಯ ಮಾತಾಗಿರಲಿಲ್ಲ.

ಈ ಕೊರತೆಯನ್ನು ಮೊದಲು ಕಂಡುಕೊಂಡವರು ಧಾರವಾಡದ ಹಿರಿಯರು. ರಾವಬಹಾದ್ದೂರ ಗಿಲಗಂಚಿ ಗುರುಸಿದ್ಧಪ್ಪನವರು, ರಾವಬಹಾದ್ದೂರ ಅರಟಾಳ ರುದ್ರಗೌಡರು ಮೊದಲಾದ ಮಹನೀಯರ ಉದ್ಯಮದಿಂದ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಅಲ್ಲಿ ಕಣ್ದೆರೆಯಿತು. ಜನರಿಂದ ನಿಧಿಯನ್ನು ಕೂಡಿಸಿ, ಬುದ್ಧಿವಂತರಾದ ಬಡ ಹುಡುಗರಿಗೆ ಹೆಚ್ಚಿನ ವ್ಯಾಸಂಗಕ್ಕಾಗಿ ವೇತನವನ್ನು ಕೊಡುವುದು ಅದರ ಮುಖ್ಯೋದ್ದೇಶ. ಇಂಗ್ಲೀಷು ಕಲಿತು ಸರಕಾರಿ ಹುದ್ದೆಯಲ್ಲಿದ್ದ ಇವರಿಗೆ ಕಾಲೇಜಿನ ಒಳಹೊರಗುಗಳೆಲ್ಲ ಗೊತ್ತು; ಹಣದ ಜೊತೆಗೆ ಮಾರ್ಗವನ್ನೂ ತೋರಬಲ್ಲವರಾಗಿದ್ದರು. ಕೂಡಿದ ನಿಧಿ ಮಾತ್ರ ಹುಡುಗರ ಸಂಖ್ಯೆಯೆದುರಿಗೆ ಅಲ್ಪವೇ ಸರಿ.

ಅತ್ತ ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರಸ್ವಾಮಿಗಳವರು ಸಮಾಜದ ಅವಿದ್ಯೆಯನ್ನು ಕಂಡು ಮರುಗಿ ಊರೂರು ಸಂಚರಿಸುತ್ತಿದ್ದರು. ಅವರ ತಪಃಪ್ರಯತ್ನದಿಂದ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮಾಧಿವೇಶನವು ನೆರೆಯಿತು. ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಶ್ರೀ ಲಿಂಗರಾಜರು. ಮರುವರ್ಷ ಬೆಂಗಳೂರಿನಲ್ಲಿ ನೆರೆದ ಅಧಿವೇಶನಕ್ಕೂ ಅವರದೇ ಅಧ್ಯಕ್ಷತೆ. ಮಠದ ಯತಿಯೂ ವಾಡೆಯ ಒಡೆಯರೂ ಒಂದೇ ಚಪ್ಪರದ ಕೆಳಗೆ ಕುಳಿತು ಮಕ್ಕಳ ವಿದ್ಯೆಯ ಚಿಂತೆಯನ್ನು ಮಾಡಿದ ಆ ಎರಡು ವರುಷಗಳು ನಮ್ಮ ಸಮಾಜದ ಇತಿಹಾಸದಲ್ಲಿ ಬೆಲೆಯುಳ್ಳವು. ಕುಮಾರಸ್ವಾಮಿಗಳವರು ಮುಂದೆ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳ ಶಿಕ್ಷಣಕ್ಕೆ ನೆಲೆಯನ್ನಿತ್ತರು. ಲಿಂಗರಾಜರು ಅದನ್ನು ಕಣ್ಣಾರೆ ನೋಡಲಿಲ್ಲ.

ಸಭೆಗಳಲ್ಲಿ ಠರಾವುಗಳನ್ನು ಮಾಡುವುದು ಸುಲಭ. ಠರಾವು ಕಾಗದದಲ್ಲಿ ಉಳಿದು ಅಧ್ಯಕ್ಷರು ಹಾರ ಹಾಕಿಸಿಕೊಂಡು ಮನೆಗೆ ಮರಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಲಿಂಗರಾಜರು ಹಾಗೆ ಮರಳಲಿಲ್ಲ. ದೇಸಗತಿಯ ಸಂಪ್ರದಾಯದಂತೆ ಅವರೂ ಒಬ್ಬ ಬಾಲಕನನ್ನು ಮಡಿಲಿಗೆ ಹಾಕಿಕೊಂಡು ವಂಶದ ಹೆಸರನ್ನು ನಿಲ್ಲಿಸಬಹುದಾಗಿದ್ದಿತು. ತಾವೇ ದತ್ತಕರಾಗಿ ಬಂದವರಿಗೆ ಆ ಹಾದಿ ತಿಳಿಯದುದಲ್ಲ. ಅದನ್ನು ಬಿಟ್ಟು, ತಮ್ಮ ಆಸ್ತಿಯು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲತಕ್ಕದ್ದೆಂದು ಮೃತ್ಯುಪತ್ರವನ್ನು ಬರೆಯಿಸಿಟ್ಟರು. 1906ರ ಆಗಸ್ಟ್ 23ರಂದು, ನಾಲ್ವತ್ತೈದೇ ವರುಷದ ವಯಸ್ಸಿನಲ್ಲಿ, ಲಿಂಗೈಕ್ಯರಾದರು.

ಈ ದಾನದಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ದೇಸಗತಿಯ ಉತ್ಪನ್ನವೆಂದರೆ ಭೂಮಿಯ ಉತ್ಪನ್ನ, ರೈತನ ಬೆವರು. ಆ ಬೆವರಿನ ಫಲವು ವಾಡೆಯ ತಿಜೋರಿಗೆ ಹೋಗಿ ಅಲ್ಲಿಯೇ ನಿಲ್ಲದೆ, ರೈತನ ಮಗನ ಪುಸ್ತಕವಾಗಿ, ಕಾಲೇಜಿನ ಫೀಯಾಗಿ ಹಿಂದಿರುಗುವಂತೆ ಅವರು ಮಾಡಿದರು. ಒಂದೇ ಸಮಾಜದ ಮಕ್ಕಳಿಗೆಂದು ಕೊಟ್ಟುದು ಸಂಕುಚಿತವಲ್ಲವೆ ಎಂದು ಇಂದಿನ ಓದಿದವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆ ಕಾಲದಲ್ಲಿ ಪ್ರತಿಯೊಂದು ಸಮಾಜವೂ ತನ್ನ ಹಿಂದುಳಿದ ಮಕ್ಕಳನ್ನು ತಾನೇ ಎತ್ತಬೇಕಾಗಿದ್ದಿತೆಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೃತ್ಯುಪತ್ರದ ಮುಂದಿನ ಕಥೆ ಸುಖಕರವಾದುದಲ್ಲ. ಇಷ್ಟು ದೊಡ್ಡ ಆಸ್ತಿಯು ಕಲಹವಿಲ್ಲದೆ ಧರ್ಮಕ್ಕೆ ಸೇರುವುದು ಲೋಕರೂಢಿಯಲ್ಲ. ಖಟ್ಲೆಗಳು ಹುಟ್ಟಿ ನ್ಯಾಯಾಸ್ಥಾನಗಳ ಮೆಟ್ಟಿಲನ್ನೇರಿದುವು. ಬಹುಕಾಲದ ವ್ಯಾಜ್ಯದ ಮೇಲೆ ನವಲಗುಂದ–ಸಿರಸಂಗಿ ಟ್ರಸ್ಟು ನೆಲೆನಿಂತು ವಿದ್ಯಾರ್ಥಿಗಳಿಗೆ ನೆರವಾಗತೊಡಗಿತು. ಆ ನಡುಗಾಲದಲ್ಲಿ ಪುಸ್ತಕವನ್ನು ಕಟ್ಟಿಟ್ಟು ನೇಗಿಲಿಗೆ ಮರಳಿದ ಹುಡುಗರೆಷ್ಟೋ, ಲೆಕ್ಕವಿಟ್ಟವರಿಲ್ಲ. ದಾನಕೊಡುವವರು ಬದುಕಿರುವಾಗಲೇ ಕಾಗದಪತ್ರಗಳನ್ನು ಭದ್ರಪಡಿಸುವುದು ಲೇಸೆಂದು ಮಠಕ್ಕೆ ಬರುವ ಭಕ್ತರಿಗೆ ನಾನು ಈ ಕಥೆಯನ್ನೇ ಹೇಳುತ್ತಿರುತ್ತೇನೆ.

ಹೊರನಾಡಿಗೆ ಹೋಗಿ ಓದಿದವನೊಬ್ಬನು ಹಿಂದಿರುಗಿದರೆ ನಾಡಿಗೆ ಆಗುವ ಪ್ರಯೋಜನವೆಷ್ಟೆಂಬುದಕ್ಕೆ ಧಾರವಾಡದಲ್ಲಿ ಹುಟ್ಟಿದ ಶ್ರೀ ಫ. ಗು. ಹಳಕಟ್ಟಿಯವರೇ ನಿದರ್ಶನ. ಮುಂಬಯಿಯಲ್ಲಿ ಪದವಿಯನ್ನೂ ಕಾನೂನನ್ನೂ ಓದಿ, ವಿಜಾಪುರದಲ್ಲಿ ವಕೀಲರಾಗಿ ನೆಲಸಿ, ತಾಡವೋಲೆಗಳಲ್ಲಿ ಮುಚ್ಚಿಹೋಗಿದ್ದ ಶರಣರ ವಚನಗಳನ್ನು ಹುಡುಕಿ ತೆಗೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದರು. ಪಾಠಶಾಲೆಯಲ್ಲಿ ಸಂಸ್ಕೃತವನ್ನೇ ಓದಿ ಬೆಳೆದ ನಮ್ಮಂಥವರು ಇಂಗ್ಲೀಷು ವಿದ್ಯೆಯನ್ನು ಹಳಿಯುವಾಗ ಇದನ್ನು ನೆನೆಯುವುದು ಒಳ್ಳೆಯದು.

1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಆರಂಭಿಸಿದರು. ಶ್ರೀ ಶಿ. ಶಿ. ಬಸವನಾಳ, ಶ್ರೀ ಸಾಖರೆ, ಶ್ರೀ ಕಟ್ಟೀಮನಿ ಮೊದಲಾದ ಇವರನ್ನು ಜನರು ಸಪ್ತರ್ಷಿಗಳೆಂದೇ ಕರೆದರು. ಅವರ ಪ್ರೌಢಶಾಲೆಗೆ ಗಿಲಗಂಚಿ ಮತ್ತು ಅರಟಾಳ ಎಂಬ ಎರಡು ಹೆಸರುಗಳು ಸೇರಿದುವು. 1933ರಲ್ಲಿ ಸೊಸಾಯಿಟಿಯು ಬೆಳಗಾವಿಯಲ್ಲಿ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನಿಟ್ಟರು. ಹಿಂದೆ ಪುಣೆಯ ರೈಲುಗಾಡಿಗೆ ಟಿಕೀಟಿನ ಹಣವನ್ನು ಹೊಂದಿಸಲಾರದೆ ಕುಳಿತ ಹಳ್ಳಿಯ ಹುಡುಗನಿಗೆ ಬೆಳಗಾವಿಯಲ್ಲಿಯೇ ಬಿ.ಎ. ವರ್ಗದ ಬಾಗಿಲು ತೆರೆಯಿತು. ಜನವರಿ 10ರಂದು ಅಲ್ಲಿ ಅವರ ಜಯಂತಿಯನ್ನು ಆಚರಿಸುವ ವಾಡಿಕೆಯಿದೆ.