ಬಾಂಬ್ ಬಿದ್ದಾಗ ಪೀಠದಲ್ಲಿದ್ದವರು

1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಭಗತ್ ಸಿಂಗ್, ಬಟುಕೇಶ್ವರ ದತ್ತ ಬಾಂಬ್ ಎಸೆದದ್ದು ನಮಗೆಲ್ಲ ಗೊತ್ತು. ಆಗ ಅಧ್ಯಕ್ಷ ಪೀಠದಿಂದ ರೂಲಿಂಗ್ ಕೊಡಲು ಹೊರಟಿದ್ದ ಆ ಬಿಳಿಗಡ್ಡದ ಮನುಷ್ಯ ಯಾರು ಅಂತ ನಾನಂತೂ ಬಹಳ ವರ್ಷ ಯೋಚಿಸಿರಲೇ ಇಲ್ಲ. ಅವರು ವಿಠ್ಠಲಭಾಯಿ ಪಟೇಲ್, ಸರ್ದಾರ್ ಪಟೇಲರ ಅಣ್ಣ.

ಅಣ್ಣತಮ್ಮಂದಿರ ಕಥೆಯೇ ಒಂಥರಾ ಮಜವಾಗಿದೆ. ಬ್ಯಾರಿಸ್ಟರ್ ಆಗಲು ದುಡ್ಡು ಕೂಡಿಟ್ಟು, ಇಂಗ್ಲೆಂಡಿಗೆ ಹೋಗುವ ಕಾಗದಪತ್ರ ತರಿಸಿಕೊಂಡವರು ತಮ್ಮ ವಲ್ಲಭಭಾಯಿ. ಬಂದ ಕಾಗದದ ಮೇಲಿದ್ದದ್ದು ವಿ.ಜೆ. ಪಟೇಲ್ ಅನ್ನುವ ಹೆಸರು. ಅಣ್ಣನ ಇನಿಷಿಯಲ್ಲೂ ಅದೇ! ದೊಡ್ಡವನೆಂಬ ಹಕ್ಕಿನ ಮೇಲೆ ವಿಠ್ಠಲಭಾಯಿ ಮೊದಲು ಹಡಗು ಹತ್ತಿದರು.

ಅವರು ಕೂತ ಸದನವಾದರೂ ಎಂಥದ್ದು? ವೈಸ್‌ರಾಯ್ ಸರ್ಕಾರ ಅದಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ. ಚುನಾಯಿತರ ಜೊತೆಗೆ ನಾಮಕರಣಗೊಂಡವರೂ ಸರ್ಕಾರಿ ಅಧಿಕಾರಿಗಳೂ ಓಟು ಹಾಕುತ್ತಿದ್ದರು. ಮೊದಲ ಅಧ್ಯಕ್ಷ ಫ್ರೆಡರಿಕ್ ವೈಟ್ ಸರ್ಕಾರವೇ ನೇಮಿಸಿದ ಮನುಷ್ಯ. 1925ರ ಆಗಸ್ಟ್‌ನಲ್ಲಿ ಸದನ ಮೊದಲ ಸಲ ತನ್ನ ಅಧ್ಯಕ್ಷನನ್ನು ತಾನೇ ಆರಿಸಿತು. ಎರಡೇ ಎರಡು ಮತಗಳ ಅಂತರದಲ್ಲಿ ವಿಠ್ಠಲಭಾಯಿ ಗೆದ್ದರು. ಒಳಗಿದ್ದುಕೊಂಡೇ ಸರ್ಕಾರಕ್ಕೆ ಅಡ್ಡಗಾಲು ಹಾಕಬೇಕು ಅಂತ ಶಾಸನಸಭೆ ಹೊಕ್ಕ ಸ್ವರಾಜ್ ಪಕ್ಷದ ಮುಂದಾಳು ಅವರು. ಗೆದ್ದ ಮೇಲೆ, ಇನ್ನು ತಾನು ಯಾವ ಪಕ್ಷದವನೂ ಅಲ್ಲ ಎಂದು ಸಾರಿದರು. 1927ರಲ್ಲಿ ಅವಿರೋಧವಾಗಿ ಮತ್ತೆ ಆಯ್ಕೆಯಾದರು.

ಸ್ವತಂತ್ರ ಭಾರತದಲ್ಲಿ ಸ್ಪೀಕರ್ ಆದ ಮೇಲೆ ಪಕ್ಷ ಬಿಟ್ಟವರು ಅಂತ ಹೇಳೋಕೆ ನಮಗೆ ಥಟ್ಟನೆ ಸಿಗೋದು 1967ರ ಸಂಜೀವ ರೆಡ್ಡಿ. 17ನೇ ಲೋಕಸಭೆಯಂತೂ ಉಪಸಭಾಧ್ಯಕ್ಷರನ್ನು ಆರಿಸದೆಯೇ ತನ್ನ ಅವಧಿ ಮುಗಿಸಿತು. ಆದಷ್ಟು ಬೇಗ ಆರಿಸಿ ಅನ್ನುತ್ತದೆ ಸಂವಿಧಾನದ 93ನೇ ವಿಧಿ.

ವಿಠ್ಠಲಭಾಯಿ ಮಾಡಿದ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣೋದು ಕಚೇರಿಯ ವಿಷಯ. ಕೇಳೋಕೆ ಸಪ್ಪೆ, ನಿಜ. ಆದರೆ ನೋಡಿ, ಸದನದ ಗುಮಾಸ್ತರು, ಕಾರ್ಯದರ್ಶಿ, ನಿಯಮ ತಿಳಿದವರು ಎಲ್ಲರೂ ಸರ್ಕಾರದ ಶಾಸನ ಇಲಾಖೆಯ ನೌಕರರು. ಅಂದರೆ ಮಸೂದೆ ತರುವ ಸರ್ಕಾರದ ಸಿಬ್ಬಂದಿಯೇ, ಆ ಮಸೂದೆ ನಿಯಮಬದ್ಧವೋ ಅಲ್ಲವೋ ಅಂತ ಅಧ್ಯಕ್ಷರಿಗೆ ಸಲಹೆ ಕೊಡಬೇಕು! ವಿಠ್ಠಲಭಾಯಿ ಪಟ್ಟು ಬಿಡಲಿಲ್ಲ. 1928ರಲ್ಲಿ ಮೋತಿಲಾಲ್ ನೆಹರೂ ಮಂಡಿಸಿದ ನಿರ್ಣಯವನ್ನು ಸದನ ಒಪ್ಪಿತು. 1929ರ ಜನವರಿ 10ರಂದು ಅಧ್ಯಕ್ಷರ ಕೈಕೆಳಗೇ ಪ್ರತ್ಯೇಕ ಇಲಾಖೆ ಬಂತು. ಇವತ್ತಿನ ಲೋಕಸಭಾ ಸಚಿವಾಲಯದ ಬೇರು ಅದೇ.

ಆ ಹೊತ್ತಿಗೆ ಸಾರ್ವಜನಿಕ ಸುರಕ್ಷತಾ ಮಸೂದೆಯ ಗುದ್ದಾಟ ಶುರುವಾಗಿತ್ತು. ಇಲ್ಲಿನ ಕಾರ್ಮಿಕ ಸಂಘಟನೆಗಳಲ್ಲಿ ದುಡಿಯುತ್ತಿದ್ದ ವಿದೇಶಿ ಕಮ್ಯುನಿಸ್ಟರನ್ನು ಗಡೀಪಾರು ಮಾಡುವ ಅಧಿಕಾರ ಸರ್ಕಾರಕ್ಕೆ ಬೇಕಿತ್ತು. 1928ರ ಸೆಪ್ಟೆಂಬರ್‌ನಲ್ಲಿ ಮತಗಳು 61–61 ಸಮವಾದವು. ಇಂಥ ಅಸಾಧಾರಣ ಕಾನೂನು ಬೇಕಾದವರು ಬಹುಮತವನ್ನು ತಾವೇ ಗಳಿಸಿಕೊಂಡು ಬರಲಿ ಅಂತ ವಿಠ್ಠಲಭಾಯಿ ತಮ್ಮ ನಿರ್ಣಾಯಕ ಮತವನ್ನು ವಿರುದ್ಧ ಹಾಕಿದರು. ಸರ್ಕಾರ ಮುಂದಿನ ವರ್ಷ ಮಸೂದೆಯನ್ನು ಮತ್ತೆ ತಂದಿತು. ಅಷ್ಟರಲ್ಲಿ ಮೀರತ್ ಪಿತೂರಿ ಮೊಕದ್ದಮೆ ಹೂಡಿಯಾಗಿತ್ತು. ಕೋರ್ಟಿನಲ್ಲಿರುವ ವಿಷಯ ಮುಟ್ಟದೆ ಈ ಮಸೂದೆ ಚರ್ಚಿಸೋದು ಹೇಗೆ? ಒಂದೋ ಮೊಕದ್ದಮೆ ಹಿಂತೆಗೆಯಿರಿ, ಇಲ್ಲ ಮಸೂದೆ ಮುಂದೂಡಿ ಎಂದರು. ಸರ್ಕಾರ ಎರಡಕ್ಕೂ ಒಪ್ಪಲಿಲ್ಲ. ಬಾಂಬ್ ಬಿದ್ದು ಮೂರು ದಿನಕ್ಕೆ, ಏಪ್ರಿಲ್ 11ರಂದು, ಅವರು ಮಸೂದೆಯನ್ನು ತಳ್ಳಿಹಾಕಿದರು. ವೈಸ್‌ರಾಯ್ ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿ ತಮ್ಮ ಕೆಲಸ ಮುಗಿಸಿಕೊಂಡರು.

ವಿಠ್ಠಲಭಾಯಿ ಪೂರ್ತಿ ತಟಸ್ಥರಾಗಿದ್ದರೇ? ನನಗೆ ಹಾಗನ್ನಿಸೋದಿಲ್ಲ. ಅವರ ಮನಸ್ಸು ಯಾವ ಕಡೆಗಿತ್ತು ಅಂತ ಸದನಕ್ಕೆಲ್ಲ ಗೊತ್ತಿತ್ತು, ಪಕ್ಷಪಾತಿ ಅಂತ ಅಧಿಕಾರಿಗಳು ಗೊಣಗಿದ್ದೂ ಉಂಟು. ಆದರೆ ಅವರು ಕಾರಣವನ್ನು ಎಲ್ಲರೆದುರೇ ಕೊಟ್ಟರು. ಅದರ ಮೇಲೆ ಯಾರು ಬೇಕಾದರೂ ವಾದ ಮಾಡಬಹುದಿತ್ತು.

1930ರ ಏಪ್ರಿಲ್‌ನಲ್ಲಿ, ಉಪ್ಪಿನ ಸತ್ಯಾಗ್ರಹದ ಬಿಸಿಯಲ್ಲಿ, ರಾಜೀನಾಮೆ ಕೊಟ್ಟರು. ಜೈಲಾಯಿತು, ಆರೋಗ್ಯ ಕೆಟ್ಟಿತು, ಯುರೋಪಿಗೆ ಹೋದರು. 1933ರ ಅಕ್ಟೋಬರ್ 22ರಂದು ಜಿನೀವಾದಲ್ಲಿ ತೀರಿಕೊಂಡರು. ದೇಹ ಬೊಂಬಾಯಿಗೆ ಬಂತು. ತಮ್ಮ ವಲ್ಲಭಭಾಯಿ ಆಗ ನಾಸಿಕ್ ಜೈಲಿನಲ್ಲಿದ್ದರು. ಷರತ್ತು ಒಪ್ಪಿದರೆ ಅಣ್ಣನ ಅಂತ್ಯಕ್ರಿಯೆಗೆ ಬಿಡುತ್ತೇವೆ ಎಂದಿತು ಸರ್ಕಾರ. ಅವರು ಒಪ್ಪಲಿಲ್ಲ, ಹೋಗಲೂ ಇಲ್ಲ.