ಜಾನ್ ಹ್ಯಾಂಪ್ಡನ್

ಇಂಗ್ಲೆಂಡಿನ ಸಿರಿವಂತ ಜಮೀನುದಾರ ಹ್ಯಾಂಪ್ಡನ್ನನಿಗೆ 20 ಷಿಲಿಂಗು ದೊಡ್ಡ ಹಣವಲ್ಲ. ಆದರೆ ಅದು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಒಂದನೆಯ ಚಾರ್ಲ್ಸ್ ದೊರೆ ವಿಧಿಸಿದ್ದ ಹಡಗುತೆರಿಗೆ. ಕೊಡಲೊಲ್ಲೆನೆಂದು ಆತನು ನ್ಯಾಯಾಲಯದಲ್ಲಿ ಹೋರಾಡಿದನು. 1638ರಲ್ಲಿ 12 ನ್ಯಾಯಾಧೀಶರ ಪೈಕಿ 7 ಮಂದಿ ದೊರೆಯ ಪಕ್ಷ ಹಿಡಿದರು. ಸೋತವನೇ ಜನರ ಕಣ್ಮಣಿಯಾದನು.

1642ರ ಜನವರಿಯಲ್ಲಿ ಹ್ಯಾಂಪ್ಡನ್ ಮೊದಲಾದ ಐವರು ಸದಸ್ಯರನ್ನು ಸೆರೆಹಿಡಿಯಲು ಅರಸನು ಆಯುಧಪಾಣಿಗಳೊಡನೆ ತಾನೇ ಬಂದು ಸಭೆಯನ್ನು ಹೊಕ್ಕನು. ಅವರು ಆಗಲೇ ಪಾರಾಗಿದ್ದರು. ಆಮೇಲೆ ಪಾರ್ಲಿಮೆಂಟು ಹೂಡಿದ ವಾದ ವಿಚಿತ್ರವಾದುದು: ದೊರೆ ಬೇರೆ, ದೊರೆತನ ಬೇರೆ, ದುರ್ಮಂತ್ರಿಗಳ ವಶವಾದ ಅರಸನ ಎದುರು ಅರಸನ ಹೆಸರಿನಲ್ಲಿಯೇ ಸೇನೆ ಕಟ್ಟಬಹುದು. ಕುತರ್ಕವೆಂದು ನಗುವುದು ಸುಲಭ. ನ್ಯಾಯಪೀಠವೂ ಸಭಾಭವನವೂ ಕಾಯದೆ ಹೋದವನಿಗೆ ಉಳಿದ ದಾರಿಯಾದರೂ ಯಾವುದು?

ಹ್ಯಾಂಪ್ಡನ್ ಹಸಿರಂಗಿಯ ಕಾಲಾಳುಪಡೆಯೊಂದನ್ನು ಕಟ್ಟಿದನು. 1643ರ ಜೂನ್ 18ರಂದು ಚಾಲ್‌ಗ್ರೋವ್ ಬಯಲಿನ ಕಾಳಗದಲ್ಲಿ ಗಾಯಗೊಂಡು, 6 ದಿನ ನರಳಿ, ಥೇಮ್ ಎಂಬ ಊರಿನಲ್ಲಿ ಕಣ್ಣುಮುಚ್ಚಿದನು.